ಕೂವೆಮರದ ಮುಂದೊಂದು, ಹಿಂದೊಂದು

ಮೊದಲ ದಿನ: ಬೋರ್ಡೋ

“ಚಟ್ನಿಪುಡಿ ಹಿಡಿಯುತ್ತಾರಾ ಮಾರಾಯ್ರೇ?”

ಬೋರ್ಡೋ ವಿಮಾನ ನಿಲ್ದಾಣದ ಹಸಿರು ಬಾಗಿಲಿನ ಎದುರು ನನ್ನ ಹೆಂಡತಿ ಕೇಳಿದ ಮೊದಲ ಪ್ರಶ್ನೆ ಇದು. ಮಂಗಳೂರಿನ ಕ್ಲಿಯರಿಂಗ್ ಏಜೆಂಟರೊಬ್ಬರ ಆಫೀಸಿನಲ್ಲಿ ಮೂವತ್ತೊಂದು ವರ್ಷ ಬಿಲ್ ಆಫ್ ಎಂಟ್ರಿ, ಅಂದರೆ ಆಮದು ಸರಕಿನ ಸುಂಕದ ಕಾಗದ, ಬರೆದವನ ಹೆಂಡತಿ ಅವಳು. ಆದರೂ ಕಸ್ಟಮ್ಸ್ ಎಂಬ ಬೋರ್ಡು ಕಂಡರೆ ಇವತ್ತಿಗೂ ಅವಳ ಎದೆ ಢವಢವ. ಬಾಗಿಲಲ್ಲಿದ್ದ ಇಬ್ಬರೂ ನಮ್ಮ ಕಡೆ ತಲೆ ಎತ್ತಲಿಲ್ಲ. ಚಟ್ನಿಪುಡಿ, ಅವಲಕ್ಕಿ, ನಾವಿಬ್ಬರು, ಎಲ್ಲ ಸಲೀಸಾಗಿ ಫ್ರಾನ್ಸಿನೊಳಗೆ ಬಂದೆವು.

ಈ ಊರಿಗೆ ಬಂದದ್ದಕ್ಕೆ ಕಾರಣ ಮಗಳು. ಅವಳು, ಅಳಿಯ ಇರುವುದು ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ. ಹೋದ ವರ್ಷ ಫೋನಿನಲ್ಲಿ ಹೇಳಿದ್ದಳು: “ಅಪ್ಪ, ಇಲ್ಲಿ ಕೋಟೆಗೋಡೆಯ ಒಳಗೆ ಒಂದು ನೆಲಮಾಳಿಗೆ ಉಂಟು. ರಾಜನ ವೈನ್ ಇಡ್ತಿದ್ದದ್ದಂತೆ. ಹಡಗಿನವರಿಂದ ಸುಂಕ ಅಂತ ತೆಗೆದುಕೊಂಡದ್ದು.” ಸುಂಕವಾಗಿ ಹಣ ವಸೂಲು ಮಾಡುವುದು ಗೊತ್ತು. ಸರಕನ್ನೇ ಎತ್ತಿಕೊಂಡು ಹೋಗುವುದೆಂದರೆ? ಅದು ತಲೆಗೆ ಹೊಕ್ಕಿತು. ಒಂದು ವರ್ಷ ಸಿಕ್ಕಿದ್ದನ್ನೆಲ್ಲ ಓದಿದೆ. ಮಗಳ ಮನೆಗೆ ಹೋಗುವ ದಾರಿಯಲ್ಲಿ, ಆ ವೈನು ಹೊರಟ ಊರಿನಿಂದಲೇ ಶುರು ಮಾಡೋಣ ಅಂತ ಹೊರಟದ್ದು. ನಾನು ಜನ್ಮದಲ್ಲಿ ಒಂದು ಹನಿ ಕುಡಿದವನಲ್ಲ. “ಉಣ್ಣದವನಿಗೆ ಅಕ್ಕಿ ರೇಟಿನ ಚಿಂತೆ” ಎಂದು ಮನೆಯಲ್ಲಿ ತಮಾಷೆ ಆಗುತ್ತಲೇ ಇದೆ.

ಸಂಜೆ ನದಿಯ ದಡಕ್ಕೆ ಹೋದೆವು. ಗರೋನ್ ನದಿ ಇಲ್ಲಿ ಬಿದಿಗೆಯ ಚಂದ್ರನ ಹಾಗೆ ಬಾಗುತ್ತದೆ, ಅದಕ್ಕೇ ಇದು ‘ಚಂದ್ರನ ಬಂದರು’. ನೀರು ಮಾತ್ರ ಮಳೆಗಾಲದ ಗುರುಪುರ ಹೊಳೆಯ ಬಣ್ಣ. ಸಮುದ್ರದ ಉಬ್ಬರ ಇಲ್ಲಿಯವರೆಗೂ ಬರುತ್ತದೆ; ನಾವು ನೋಡುತ್ತಿದ್ದ ಹಾಗೆಯೇ ನೀರು ಹಿಂದಕ್ಕೆ, ಊರೊಳಗಿನ ದಿಕ್ಕಿಗೆ ಹರಿಯತೊಡಗಿತು. ಸಾಗರದ ಹಡಗುಗಳು ಉಬ್ಬರ ಹಿಡಿದು ಒಳಗೆ ಬಂದು, ಇಳಿತ ಹಿಡಿದು ಹೊರಗೆ ಹೋಗುವುದಕ್ಕೆ ಹೇಳಿ ಮಾಡಿಸಿದ ಜಾಗ.

1152ರಲ್ಲಿ, ಬೋರ್ಡೋ ಸೇರಿದ ಅಕ್ವಿಟೇನ್ ಸೀಮೆಯ ಒಡತಿ ಎಲಿನರ್, ಹೆನ್ರಿ ಪ್ಲಾಂಟಜೆನೆಟ್‌ನನ್ನು ಮದುವೆಯಾದಳು. ಎರಡು ವರ್ಷದಲ್ಲಿ ಆತ ಇಂಗ್ಲೆಂಡಿನ ರಾಜನಾದ. ಹಾಗೆ ಈ ದ್ರಾಕ್ಷಿ ತೋಟಗಳೆಲ್ಲ ಇಂಗ್ಲೆಂಡಿನ ಕಿರೀಟದ ಲೆಕ್ಕಕ್ಕೆ ಬಂದವು. 1453ರಲ್ಲಿ ಫ್ರೆಂಚರು ಗೆಲ್ಲುವವರೆಗೆ, ಅಂದರೆ ಮುನ್ನೂರು ವರ್ಷ, ಹೊರಡುವ ಬಂದರೂ ಸೇರುವ ಬಂದರೂ ಒಬ್ಬನೇ ರಾಜನದು. ಎರಡೂ ಕಡೆ ಸುಂಕ, ಎರಡೂ ಅವನ ಬೊಕ್ಕಸಕ್ಕೆ! ನಮ್ಮ ವ್ಯಾಪಾರಿಗಳು ಇದನ್ನು ಕೇಳಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು.

ಎರಡನೆಯ ದಿನ: ಒಂಬ್ರಿಯೇರ್ ಬೀದಿ

ಬೆಳಿಗ್ಗೆ ಬೋರ್ಸ್ ಚೌಕದ ಕಸ್ಟಮ್ಸ್ ಮ್ಯೂಸಿಯಂ. ಕಸ್ಟಮ್ಸಿಗೇ ಒಂದು ರಾಷ್ಟ್ರೀಯ ಮ್ಯೂಸಿಯಂ ಕಟ್ಟಿದ ದೇಶದ ಮೇಲೆ ನನಗೆ ಗೌರವ ಬಂತು. ಹದಿನೆಂಟನೇ ಶತಮಾನದ ಕಟ್ಟಡ. ಆಗ ಸುಂಕವನ್ನು ಗುತ್ತಿಗೆ ಹಿಡಿದ ಖಾಸಗಿ ಮಂದಿಯ ಕಚೇರಿ. ಕಲ್ಲಿನ ಕಮಾನುಗಳ ಉದ್ದನೆಯ ಹಜಾರ, ಹಡಗಿನಿಂದ ಇಳಿಸಿದ ಸರಕನ್ನು ತಂದು ತೂಗಿ, ಬರೆದು ಬಿಡುತ್ತಿದ್ದ ಜಾಗ. ತಕ್ಕಡಿಗಳು, ಸೀಸದ ಮುದ್ರೆಗಳು, ಸಮವಸ್ತ್ರಗಳು. ಹೆಂಡತಿ ಒಂದು ಬೆಂಚಿನಲ್ಲಿ ಕೂತು, “ನೀವು ನೋಡಿ ಬನ್ನಿ, ಆಫೀಸಿನ ಹಾಗೇ ಉಂಟು” ಎಂದಳು.

ನನ್ನ ವಿಷಯ ಇದಕ್ಕಿಂತ ನಾನೂರು ವರ್ಷ ಹಿಂದಿನದು. ಅದಕ್ಕೆ ಅಲ್ಲಿಂದ ಹತ್ತು ನಿಮಿಷ ದಕ್ಷಿಣಕ್ಕೆ, ಪೋರ್ಟ್ ಕಾಯೋ ಎಂಬ ಚೂಪು ಗೋಪುರಗಳ ಬಾಗಿಲಿಗೆ ನಡೆಯಬೇಕು. ಬಾಗಿಲು 1490ರ ದಶಕದ್ದು, ಫ್ರೆಂಚರು ಬಂದ ಮೇಲಿನದ್ದು. ಅದರ ಒಳಗಡೆ ಇದ್ದದ್ದು ಒಂಬ್ರಿಯೇರ್ ಅರಮನೆ. ಇಂಗ್ಲಿಷ್ ರಾಜನ ಕಡೆಯಿಂದ ಬೋರ್ಡೋದ ಹಣಕಾಸು ನೋಡುತ್ತಿದ್ದ ‘ಕಾನ್‌ಸ್ಟೆಬಲ್’ ಎಂಬ ಅಧಿಕಾರಿಯ ಠಿಕಾಣಿ ಅದೇ. ನಮ್ಮ ಪೊಲೀಸ್ ಕಾನ್‌ಸ್ಟೆಬಲ್ ಅಲ್ಲ. ಕೋಟ್ಯಂತರದ ಲೆಕ್ಕ ಇಡುವ ದೊಡ್ಡ ಹುದ್ದೆ. ಈಗ ಅರಮನೆಯ ಹೆಸರು ಮಾತ್ರ ಬೀದಿಯ ಫಲಕದಲ್ಲಿದೆ. ಫಲಕದ ಕೆಳಗೆ ಒಬ್ಬ ಹುಡುಗ ಸೈಕಲ್ ಚೈನಿಗೆ ಎಣ್ಣೆ ಹಾಕುತ್ತಿದ್ದ.

ಇಲ್ಲಿಂದ ಹೊರಡುವ ವೈನಿನ ಮೇಲಿನ ಸುಂಕಕ್ಕೆ ‘ಗ್ರಾಂದ್ ಕುತುಮ್’ ಎಂದು ಹೆಸರು. ದೊಡ್ಡ ಸುಂಕ ಎಂದೇ ಅರ್ಥ. ಓದುವಾಗ ಕುರ್ಚಿಯಿಂದ ಎದ್ದಿದ್ದೆ, ಯಾಕೆಂದರೆ ನಮ್ಮ ಹಳಗನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ‘ಪೆರ್ಜುಂಕ’, ‘ಹೆಜ್ಜುಂಕ’ ಕೂಡ ಅದೇ ಮಾತು. ಒಬ್ಬರನ್ನೊಬ್ಬರು ಕಾಣದ ಎರಡು ರಾಜ್ಯಗಳ ಸುಂಕದವರಿಗೆ ಒಂದೇ ಹೆಸರು ಹೊಳೆದಿದೆ.

ಈ ಲೆಕ್ಕಪುಸ್ತಕಗಳಿಂದಲೇ ನಮಗೆ ವ್ಯಾಪಾರದ ಗಾತ್ರ ಗೊತ್ತಾಗುವುದು. 1308–09ರ ಒಂದೇ ವರ್ಷ ಇಲ್ಲಿಂದ ಒಂದು ಲಕ್ಷ ಟನ್ನಿಗಿಂತ ಹೆಚ್ಚು ವೈನು ಹೊರಟಿತು. ಈ ‘ಟನ್’ ತೂಕವಲ್ಲ. ಅದು ಒಂದು ದೈತ್ಯ ಮರದ ಪೀಪಾಯಿ, 252 ಗ್ಯಾಲನ್ ಹಿಡಿಯುವಂಥದ್ದು. ಈಗಿನ ಲೆಕ್ಕದಲ್ಲಿ ಸುಮಾರು 950 ಲೀಟರ್, ಅಂದರೆ 1,270ರಷ್ಟು ಬಾಟಲಿ. ಹಡಗಿನ ಹೊಟ್ಟೆಯಲ್ಲಿ ಇಂಥ ಎಷ್ಟು ಪೀಪಾಯಿ ಕೂರುತ್ತವೆ ಎಂಬುದೇ ಹಡಗಿನ ಅಳತೆ. ಪಣಂಬೂರಿನ ಬಂದರಿನಲ್ಲಿ ಆಫ್ರಿಕಾದ ಹಸಿ ಗೇರುಬೀಜ ತಂದ ಹಡಗುಗಳ ಕಾಗದದಲ್ಲಿ ‘ಟನೇಜ್’ ಎಂಬ ಕಾಲಂ ತುಂಬುವಾಗ ನಾನು ಬರೆಯುತ್ತಿದ್ದದ್ದು ಗ್ಯಾಸ್ಕನಿಯ, ಅಂದರೆ ಬೋರ್ಡೋ ಕಡೆಯ ಈ ಸೀಮೆಯ, ವೈನ್ ಪೀಪಾಯಿಯ ಲೆಕ್ಕ ಅಂತ ಮೂವತ್ತೊಂದು ವರ್ಷ ಗೊತ್ತೇ ಇರಲಿಲ್ಲ.

ಬೋರ್ಡೋದ ಪೇಟೆಯವರ ಜಾಣತನವನ್ನೂ ಹೇಳಬೇಕು. ಊರಿನ ಪೌರರು ತಮ್ಮ ಸ್ವಂತ ತೋಟದ ವೈನಿಗೆ ದೊಡ್ಡ ಸುಂಕ ಕಟ್ಟಬೇಕಾಗಿರಲಿಲ್ಲ. ಅದು ಸಾಲದೆಂದು, ನದಿಯ ಮೇಲಿನ ಸೀಮೆಯ ಗಯಾಕ್, ಕಾವೋರ್ ಕಡೆಯವರ ವೈನು ನವೆಂಬರ್ 11ರ ಸಂತ ಮಾರ್ಟಿನನ ಹಬ್ಬದವರೆಗೆ ಬೋರ್ಡೋಕ್ಕೆ ಇಳಿಯಲೇ ಕೂಡದು ಎಂದು ಕಟ್ಟಳೆ ಮಾಡಿಸಿಕೊಂಡರು. ಮುಂದೆ ಅದನ್ನು ಕ್ರಿಸ್‌ಮಸ್‌ವರೆಗೂ ಎಳೆದರು. ಅಷ್ಟರಲ್ಲಿ ಇಂಗ್ಲೆಂಡಿನ ಹಡಗುಗಳು ಬೋರ್ಡೋದವರ ಸರಕು ತುಂಬಿಕೊಂಡು ಹೋಗಿ ಆಗಿರುತ್ತಿತ್ತು. ಆಗಿನ ವೈನಿಗೆ ಈಗಿನಂತೆ ಬಿರಡೆ ಹಾಕಿದ ಬಾಟಲಿ ಇಲ್ಲ, ವರ್ಷದೊಳಗೆ ಹುಳಿ ಹೊಡೆಯುತ್ತದೆ. ಹೊಸದಕ್ಕೇ ಬೆಲೆ. ತಡವಾಗಿ ಬಂದವನಿಗೆ ಸಿಕ್ಕುವುದು ಉಳಿದ ಗಿರಾಕಿ. ಈ ಕಟ್ಟಳೆ ರಾಜರು ಬದಲಾದರೂ ಸಾಯಲಿಲ್ಲ, 1776ರವರೆಗೆ ನಡೆಯಿತು. ಸುಂಕ ಹಾಕದೆಯೇ ಎದುರಾಳಿಯನ್ನು ಮುಗಿಸುವ ದಾರಿ ತಾರೀಕು ಎನ್ನುವುದು ನನ್ನ ಅನುಭವಕ್ಕೂ ಬಂದಿದೆ. ಅದು ಇಲ್ಲಿ ಬೇಡ.

ಮೂರನೆಯ ದಿನ: ಸೈಪ್ರೆಸ್ ಗುಡ್ಡ

ಮಳೆ. ಟ್ರ್ಯಾಮ್ ಹಿಡಿದು ಹದಿನೇಳು ಕಮಾನಿನ ಕಲ್ಲುಸೇತುವೆ ದಾಟಿ ಆಚೆ ದಡದ ಸೆನೊಂಗೆ ಹೋದೆವು. ಅಲ್ಲಿನ ಗುಡ್ಡಕ್ಕೆ ಸೈಪ್ರೆಸ್ಸಾ ಎಂದು ಹೆಸರು, ಸೈಪ್ರೆಸ್ ಮರಗಳು ಇದ್ದದ್ದರಿಂದ. ವೈನು ತುಂಬಿ ಹೊರಡುವ ಪ್ರತಿ ಹಡಗೂ ದುಡ್ಡು ಕೊಟ್ಟು ಇಲ್ಲಿಯ ಮರದ ಒಂದು ಕೊಂಬೆ ಪಡೆಯಬೇಕಿತ್ತು. ಹಡಗಿಗೆ ಕಟ್ಟಿದ ಕೊಂಬೆಯೇ ಸುಂಕ ಚುಕ್ತಾ ಆಗಿದೆ ಎಂಬುದಕ್ಕೆ ಗುರುತು. ನಮ್ಮ ಭಾಷೆಯಲ್ಲಿ ‘ಔಟ್ ಆಫ್ ಚಾರ್ಜ್’ ಸೀಲು. ಓದು ಬರಹ ಬಾರದ ಕಾವಲಿನವನಿಗೂ ದೂರದಿಂದ ಹಸಿರು ಕಂಡರೆ ಸಾಕು. ಸರ್ವರ್ ಡೌನ್ ಆಗುವ ಪ್ರಶ್ನೆಯೇ ಇಲ್ಲ.

ಪಾರ್ಕಿನಲ್ಲಿ ಚೂಪು ಮರಗಳ ಕೆಳಗೆ ಕೊಡೆ ಹಿಡಿದು ನಿಂತೆವು. ಕೆಳಗೆ ನದಿ, ಆಚೆ ಊರು, ಎಲ್ಲ ಬೂದು. ಹೆಂಡತಿ ಬಿದ್ದಿದ್ದ ಒಂದು ಕೊನೆಯನ್ನು ಎತ್ತಿ ಮೂಸಿ, “ಕರ್ಪೂರದ ಹಾಗೆ” ಎಂದು ಪರ್ಸಿಗೆ ಹಾಕಿಕೊಂಡಳು. ನದಿಯ ಬಾಯಲ್ಲಿ, ಕೊರ್ದುವಾನ್ ಎಂಬ ಬಂಡೆಯ ಮೇಲೆ, ಹದಿನಾಲ್ಕನೇ ಶತಮಾನದಲ್ಲಿ ಇಂಗ್ಲೆಂಡಿನ ಯುವರಾಜ, ಬ್ಲ್ಯಾಕ್ ಪ್ರಿನ್ಸ್, ಒಂದು ಗೋಪುರ ಕಟ್ಟಿಸಿದ್ದ. ಅಲ್ಲಿ ಒಬ್ಬ ಸನ್ಯಾಸಿ ರಾತ್ರಿ ಬೆಂಕಿ ಉರಿಸಿ ದಾರಿ ತೋರಿಸಿ, ವೈನಿನ ಹಡಗುಗಳಿಂದ ಕಾಸು ಪಡೆಯುತ್ತಿದ್ದ. ಅಲ್ಲಿಗೂ ಹೋಗಬೇಕೆಂದಿತ್ತು. ಮಳೆ ಬಿಡಲಿಲ್ಲ.

ನಾಲ್ಕನೆಯ ದಿನ: ಸಮುದ್ರದ ಮೇಲಿಂದ

ವಿಮಾನ ಮೂರು ಗಂಟೆ ತಡ. ಕಾರಣ ಯಾರೂ ಹೇಳಲಿಲ್ಲ. ಗಾಳಿ ಕೈಕೊಟ್ಟರೆ ವಾರಗಟ್ಟಲೆ ನದಿಯ ಬಾಯಲ್ಲೇ ಕೊಳೆಯುತ್ತಿದ್ದ ಹಡಗಿನವರನ್ನು ನೆನೆಸಿಕೊಂಡು ಸಮಾಧಾನ ಮಾಡಿಕೊಂಡೆ. ಹೆಂಡತಿಗೆ ಆ ಸಮಾಧಾನ ಒಗ್ಗಲಿಲ್ಲ.

ಅಳಿಯನಿಗೆಂದು ಎರಡು ಬಾಟಲಿ ಬೋರ್ಡೋ ಕೊಂಡಿದ್ದೆ. ಲಂಡನ್ನಿನಲ್ಲಿ ಇಳಿದಾಗ ಫಲಕ ಓದಿದೆ: ಒಬ್ಬ ಪ್ರಯಾಣಿಕನಿಗೆ 18 ಲೀಟರ್ ವೈನು ಸುಂಕವಿಲ್ಲದೆ ತರಬಹುದು. ನಮ್ಮೂರಿನ ಎರಡು ಲೀಟರಿನ ಮಿತಿ, ನಾನು ಕೆಲಸದಲ್ಲಿದ್ದ ಕಾಲದ 150 ಪ್ರತಿಶತ ಸುಂಕ ನೆನಪಾಗಿ ಸುಮ್ಮನೆ ನಕ್ಕೆ. ಎರಡು ಬಾಟಲಿ ಎತ್ತಿಕೊಂಡು ರಾಜಗಾಂಭೀರ್ಯದಿಂದ ಹಸಿರು ಬಾಗಿಲು ದಾಟಿದೆ.

ಐದನೆಯ ದಿನ: ಸೌತಾಂಪ್ಟನ್

ಇದು ನಾನು ಕಾದಿದ್ದ ದಿನ.

ಮಗಳು ಮೊದಲು ಕರೆದುಕೊಂಡು ಹೋದದ್ದು ಪಶ್ಚಿಮದ ಕೋಟೆಗೋಡೆಗೆ. ಗೋಡೆಯ ಬುಡದಲ್ಲಿ ಒಂದು ಬಾಗಿಲು, ಕಬ್ಬಿಣದ ಸರಳು, ಬೀಗ. ಸರಳಿನ ಸಂದಿಯಲ್ಲಿ ಮೊಬೈಲಿನ ಬೆಳಕು ಬಿಟ್ಟು ನೋಡಿದರೆ ಕಲ್ಲಿನ ಕಮಾನು ಚಾವಣಿ ಹಿಂದಕ್ಕೆ ಹಿಂದಕ್ಕೆ ಹೋಗುತ್ತದೆ. ಒದ್ದೆ ಸುಣ್ಣದ ವಾಸನೆ. ಈಗ ಎದುರಿಗೆ ರಸ್ತೆ, ಆಚೆ ಮಾಲು, ಕಾರು ಪಾರ್ಕಿಂಗ್. ಆಗ ನೀರು ಈ ಗೋಡೆಯವರೆಗೇ ಬರುತ್ತಿತ್ತು. ಹಡಗಿನಿಂದ ಪೀಪಾಯಿ ಇಳಿಸಿ ಉರುಳಿಸಿದರೆ ನೇರ ರಾಜನ ಮಾಳಿಗೆಗೆ.

ಆ ಪೀಪಾಯಿ ಬರುತ್ತಿದ್ದ ದಾರಿಯ ಹೆಸರು ‘ಪ್ರೈಸೇಜ್’, ಅಂದರೆ ಹಿಡಿತ, ಎತ್ತಿಕೊಳ್ಳುವುದು. ನಿಯಮ ಸರಳ. ಹಡಗಿನಲ್ಲಿ ಹತ್ತು ಟನ್ನಿಗಿಂತ ಕಡಿಮೆ ವೈನಿದ್ದರೆ ಏನೂ ಇಲ್ಲ. 10ರಿಂದ 19 ಇದ್ದರೆ ಒಂದು ಪೀಪಾಯಿ ರಾಜನಿಗೆ. 20 ಅಥವಾ ಹೆಚ್ಚಿದ್ದರೆ ಎರಡು: ಕೂವೆಮರದ ಮುಂದಿನಿಂದ ಒಂದು, ಹಿಂದಿನಿಂದ ಒಂದು. ರಾಜ ಪೂರ್ತಿ ಬಿಟ್ಟಿಯಾಗಿ ತೆಗೆದುಕೊಳ್ಳುತ್ತಿರಲಿಲ್ಲ. ಟನ್ನಿಗೆ 20 ಶಿಲ್ಲಿಂಗ್, ಅಂದರೆ ಒಂದು ಪೌಂಡು, ಕೊಡುತ್ತಿದ್ದ. ಪೇಟೆಯ ಬೆಲೆ ಏರುತ್ತ ಹೋಯಿತು, ರಾಜನ 20 ಶಿಲ್ಲಿಂಗ್ ಅಲ್ಲೇ ನಿಂತಿತು.

ಮುಂದೊಂದು ಹಿಂದೊಂದು ಯಾಕೆ ಅಂತ ಮಗಳು ಕೇಳಿದಳು. ಸರಕು ಪರೀಕ್ಷೆ ಮಾಡಿಸಿದವನಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಕಂಟೇನರಿನ ಬಾಯಲ್ಲಿ ಒಂದು ಥರದ ಚೀಲ, ಹೊಟ್ಟೆಯಲ್ಲಿ ಇನ್ನೊಂದು ಥರ ಇಟ್ಟವರನ್ನು ನಾನು ಕಂಡಿದ್ದೇನೆ. ಒಳ್ಳೆ ಅಧಿಕಾರಿ ಮುಂದಿನದೊಂದು, ಹಿಂದಿನದೊಂದು ತೆಗೆಸಿ ನೋಡುತ್ತಾನೆ. ಹುಳಿ ಹೊಡೆದದ್ದನ್ನೆಲ್ಲ ಒಂದು ಕಡೆ ಜೋಡಿಸಿ ‘ಇದು ದೊರೆಗಳಿಗೆ’ ಅನ್ನುವ ಹಾಗಿಲ್ಲ.

ಇನ್ನೊಂದು ಲೆಕ್ಕವನ್ನು ಅಲ್ಲೇ ಗೋಡೆಗೊರಗಿ ಮಾಡಿದೆ. 20 ಟನ್ನಿನ ಹಡಗು ಎರಡು ಕಳೆದುಕೊಂಡರೆ ಹತ್ತಕ್ಕೊಂದು ಹೋಯಿತು. 100 ಟನ್ನಿನ ಹಡಗೂ ಕೊಡುವುದು ಎರಡೇ, ಐವತ್ತಕ್ಕೊಂದು. 19 ಇದ್ದರೆ ಒಂದೇ. ಒಂಬತ್ತಿದ್ದರೆ ಸೊನ್ನೆ. ದೊಡ್ಡವನಿಗೆ ಹಗುರ, ಸಣ್ಣವನಿಗೆ ಭಾರ. ನಮ್ಮ ಏಜೆಂಟರು ಆ ಕಾಲದಲ್ಲಿದ್ದರೆ ಹಡಗುಗಳೆಲ್ಲ 19 ಪೀಪಾಯಿಗೇ “ತುಂಬಿತು” ಎನ್ನುತ್ತಿದ್ದವು, ಆಣೆ ಮಾಡಿ ಹೇಳುತ್ತೇನೆ.

ಎಷ್ಟು ವೈನಿದೆ ಎಂದು ನೋಡಿ, ರಾಜನ ಪಾಲು ಎತ್ತಿಸುವವನು ‘ಬಟ್ಲರ್’. ಸಿನಿಮಾದಲ್ಲಿ ಟ್ರೇ ಹಿಡಿದು ಬರುವ ಬಟ್ಲರ್ ಅಲ್ಲ. ರಾಜನ ಪಾನಾಗಾರದ ದೊಡ್ಡ ಅಧಿಕಾರಿ, ಬಂದರು ಬಂದರಿಗೆ ಅವನ ಸಹಾಯಕರು. 1340ರ ದಶಕದ ಕೊನೆಯಲ್ಲಿ ಇದೇ ಸೌತಾಂಪ್ಟನ್ನಿನ ಸಹಾಯಕ ಬಟ್ಲರ್ ಆಗಿದ್ದವನು ಜಾನ್ ಚಾಸರ್ ಎಂಬ ಲಂಡನ್ನಿನ ವೈನ್ ವ್ಯಾಪಾರಿ. ಕವಿ ಜೆಫ್ರಿ ಚಾಸರನ ತಂದೆ. ಐರ್ಲೆಂಡಿನಲ್ಲಂತೂ ಈ ಹುದ್ದೆಯೇ ಒಂದು ಮನೆತನದ ಹೆಸರಾಯಿತು: ಆರ್ಮಂಡಿನ ಬಟ್ಲರರು. ವೈನಿನ ಪಾಲು ಅವರ ವಂಶಕ್ಕೆ ಬಂದ ಆಸ್ತಿ; ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಸರ್ಕಾರ ಅದನ್ನು ಬಿಡಿಸಿಕೊಳ್ಳಲು 2,16,000 ಪೌಂಡು ಎಣಿಸಿಕೊಡಬೇಕಾಯಿತು.

ಮಧ್ಯಾಹ್ನ ಫ್ರೆಂಚ್ ಸ್ಟ್ರೀಟಿನ ಹಳೆ ಮನೆ. 1290ರ ಸುಮಾರಿಗೆ ಜಾನ್ ಫೋರ್ಟಿನ್ ಎಂಬ ವರ್ತಕ ಕಟ್ಟಿಸಿದ್ದು. ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದು ಮೇಲಿನ ಪದರ ಕಿತ್ತುಹೋದಾಗ ಒಳಗಿನ ಹಳೆಯ ಮನೆ ಕಂಡಿತಂತೆ. ಬೀದಿಯ ಕಡೆ ಅಂಗಡಿ, ಹಿಂದೆ ವಾಸ, ಕೆಳಗೆ ಮಾಳಿಗೆ. ಮಾಳಿಗೆಗೆ ಬೀದಿಯಿಂದಲೇ ಮೆಟ್ಟಿಲು, ಪೀಪಾಯಿ ಮನೆಯೊಳಗೆ ಹಾದುಹೋಗುವ ಕಿರಿಕಿರಿ ಇಲ್ಲ. ಹೊರಗೆ ಬಿಸಿಲಿತ್ತು, ಕೆಳಗೆ ಇಳಿದ ಕೂಡಲೇ ಬಾವಿಯ ಮೆಟ್ಟಿಲು ಇಳಿದ ಹಾಗೆ ತಂಪು. ಹೆಂಡತಿ ಗೋಡೆಗೆ ಕೈಯಿಟ್ಟು, “ಉಪ್ಪಿನಕಾಯಿ ಭರಣಿ ಇಡಲಿಕ್ಕೆ ಎಂಥ ಜಾಗ” ಎಂದಳು. ಜಾನ್ ಫೋರ್ಟಿನನಿಗೂ ಹೀಗೇ ಅನಿಸಿರಬೇಕು, ವಸ್ತು ಮಾತ್ರ ಬೇರೆ.

ಹಿಂದಿರುಗುವಾಗ ಬಾರ್‌ಗೇಟ್, ಊರಿನ ಉತ್ತರದ ಹೆಬ್ಬಾಗಿಲು. ರಾಜನ ಸುಂಕ ಮುಗಿದ ಮೇಲೆ ಊರಿನ ಸುಂಕ ಇಲ್ಲಿ. ಹೊರಹೋಗುವ ಪ್ರತಿ ಗಾಡಿಯ ಸರಕು, ಯಾವ ಊರಿಗೆ, ಯಾರದು ಎಂದು ಬರೆದ ಪುಸ್ತಕಗಳು 1430ರಿಂದ ಉಳಿದಿವೆ. ಸಾಲ್ಸ್‌ಬರಿಗೆ, ವಿಂಚೆಸ್ಟರಿಗೆ ವೈನು ಗಾಡಿಯಲ್ಲಿ ಹೋದದ್ದು ಅದರಲ್ಲಿದೆ. ಬಜ್ಪೆಗೆ ಹೋಗುವಾಗ ಸಿಗುವ ನಮ್ಮ ಸುಂಕದಕಟ್ಟೆಯಲ್ಲಿ ಈಗ ಕಟ್ಟೆಯೂ ಇಲ್ಲ, ಸುಂಕವೂ ಇಲ್ಲ, ಬಸ್ಸಿನ ಕಂಡಕ್ಟರ್ ಕೂಗುವ ಹೆಸರು ಮಾತ್ರ.

ಆರನೆಯ ದಿನ: ಲಂಡನ್

ಥೇಮ್ಸ್ ದಡದ ‘ವಿಂಟ್ರಿ’ ಎಂಬ ವಾರ್ಡು. ವೈನಿನವರ ಕೇರಿ ಅನ್ನಬಹುದು. ಪೀಪಾಯಿ ಎತ್ತುವ ಕ್ರೇನುಗಳ ನೆನಪಿಗೆ ‘ಥ್ರೀ ಕ್ರೇನ್ಸ್ ವಾಕ್’, ಪಕ್ಕದಲ್ಲೇ ‘ಥ್ರೀ ಬ್ಯಾರಲ್ಸ್ ವಾಕ್’. ಉಳಿದದ್ದೆಲ್ಲ ಗಾಜಿನ ಆಫೀಸುಗಳು. ಗಾರ್ಲಿಕ್ ಹಿಲ್ ಎಂಬ ಬೀದಿ ಕಂಡು ಹೆಂಡತಿಗೆ ಖುಷಿಯಾಯಿತು, ವೈನಿಗಿಂತ ಬೆಳ್ಳುಳ್ಳಿ ಅವಳಿಗೆ ಹತ್ತಿರ.

ಇಲ್ಲಿ ನಿಂತು ನೆನೆಯಬೇಕಾದದ್ದು 1302ರ ಒಪ್ಪಂದ. ಗ್ಯಾಸ್ಕನಿಯ ವ್ಯಾಪಾರಿಗಳಿಗೆ ಎರಡು ಪೀಪಾಯಿ ಹೋಗುವುದಕ್ಕಿಂತ ದೊಡ್ಡ ತಲೆನೋವು ಬೇರೆ ಇತ್ತು. ರಾಜನ ಕಡೆಯವರು ಅದರ ಮೇಲೆ ಇನ್ನಷ್ಟು ವೈನನ್ನು “ಕೊಂಡೆವು” ಎಂದು ಎತ್ತಿಕೊಂಡು ಹೋಗುವುದು, ದುಡ್ಡು ಉದ್ರಿ ಹೇಳುವುದು. ಆಗ ಒಂದನೇ ಎಡ್ವರ್ಡ್ ಮತ್ತು ಗ್ಯಾಸ್ಕನರ ನಡುವೆ ಮಾತಾಯಿತು: ಪೀಪಾಯಿ ಎತ್ತುವುದಿಲ್ಲ, ಬದಲಿಗೆ ಟನ್ನಿಗೆ ಎರಡು ಶಿಲ್ಲಿಂಗ್ ನಗದು ಕೊಡಿ. ಮರುವರ್ಷ, 1303ರಲ್ಲಿ, ಎಲ್ಲ ಪರದೇಶಿ ವ್ಯಾಪಾರಿಗಳಿಗೂ ಇದೇ ದರ. ವಸೂಲು ಮಾಡುವವನು ಬಟ್ಲರ್ ಆದ್ದರಿಂದ ಸುಂಕಕ್ಕೆ ‘ಬಟ್ಲರೇಜ್’ ಎಂಬ ಹೆಸರು ಬಂತು. ಇಂಗ್ಲೆಂಡಿನ ವ್ಯಾಪಾರಿಗಳು ಮಾತ್ರ, ನಮಗೆ ಹಳೆಯದೇ ಇರಲಿ, ಪೀಪಾಯಿಯನ್ನೇ ಕೊಡುತ್ತೇವೆ ಎಂದರು. ದೊಡ್ಡ ಹಡಗಿನವನಿಗೆ ಅದೇ ಲಾಭ: 100 ಟನ್ನಿಗೆ ಪರದೇಶಿ ಹತ್ತು ಪೌಂಡು ಕಟ್ಟಬೇಕು, ಸ್ವದೇಶಿ ಎರಡು ಪೀಪಾಯಿ ಕೊಟ್ಟು ಎರಡು ಪೌಂಡು ವಾಪಸೂ ಪಡೆಯುತ್ತಾನೆ.

ಲಂಡನ್ನಿನ ಪೌರರು ಎಲ್ಲರಿಗಿಂತ ಒಂದು ಕೈ ಮೇಲು. 1327ರಲ್ಲಿ ಪ್ರೈಸೇಜೇ ತಮಗೆ ಬೇಡವೆಂದು ರಾಜನಿಂದ ಸನದು ಬರೆಸಿಕೊಂಡರು. ವಿನಾಯಿತಿ ಇದ್ದಲ್ಲಿ ಏನಾಗುತ್ತದೆಂದು ನಮಗೆ ಗೊತ್ತಿಲ್ಲವೇ? ಪೌರನಲ್ಲದವನ ವೈನು ಪೌರನ ಹೆಸರಿನಲ್ಲಿ ಒಳಬರತೊಡಗಿತು. ಅದಕ್ಕೆ ಅವರದೇ ಒಂದು ಮಾತಿತ್ತು, ‘ಬಣ್ಣ ಹಾಕುವುದು’. ನಮ್ಮದು ಇನ್ನೂ ಚೊಕ್ಕ: ಬೇನಾಮಿ.

ನಂತರ ಬಂದದ್ದು ಯುದ್ಧದ ಸುಂಕ. ಫ್ರಾನ್ಸಿನ ಮೇಲೆ ನೂರು ವರ್ಷದ ಯುದ್ಧ ಶುರುವಾಗಿ, ವೈನಿನ ಹಡಗುಗಳಿಗೆ ಕಾವಲು ಹಡಗು ಬೇಕಾಯಿತು. 1347ರಲ್ಲಿ ಟನ್ನಿಗೆ ಮತ್ತೆರಡು ಶಿಲ್ಲಿಂಗ್. ಮುಂದೆ ಅದು ಮೂರು ಶಿಲ್ಲಿಂಗಿಗೆ ನಿಂತಿತು, ಬೇರೆ ಸರಕಿಗೆ ಒಂದು ಪೌಂಡು ಬೆಲೆಗೆ 12 ಪೆನ್ಸ್. ಇದನ್ನು ಕೊಡುವುದು ಪಾರ್ಲಿಮೆಂಟು, ರಾಜ ಕೇಳಬೇಕು. ಫ್ರಾನ್ಸಿನ ಅಜಿಂಕೂರಿನ ಯುದ್ಧದಲ್ಲಿ ಗೆದ್ದ ಐದನೇ ಹೆನ್ರಿಗೆ 1415ರಲ್ಲಿ ಖುಷಿಯಿಂದ ಜೀವನಪರ್ಯಂತ ಕೊಟ್ಟರು. ಒಂದನೇ ಚಾರ್ಲ್ಸ್‌ಗೆ 1625ರಲ್ಲಿ ಒಂದೇ ವರ್ಷಕ್ಕೆ ಎಂದರು. ಆತ ಕೇಳದೆಯೇ ವಸೂಲು ಮಾಡಿದ. 1629ರಲ್ಲಿ ಈ ಸುಂಕದ ವಿರುದ್ಧ ಠರಾವು ಓದಿ ಮುಗಿಯುವವರೆಗೆ ಸದಸ್ಯರು ಸ್ಪೀಕರನ್ನು ಕುರ್ಚಿಯಲ್ಲಿ ಒತ್ತಿಹಿಡಿದು ಕೂರಿಸಿದ್ದರು. ಟನ್ನಿಗೆ ಎರಡು ಶಿಲ್ಲಿಂಗಿನಿಂದ ಶುರುವಾದದ್ದು ಎಲ್ಲಿಗೆ ಬಂತು ನೋಡಿ.

ಆದರೆ ನನಗೆ ಬಹಳ ಹಿಡಿಸಿದವನು ರಿಚರ್ಡ್ ಲಯನ್ಸ್. ವೈನ್ ವ್ಯಾಪಾರಿ, ಜೊತೆಗೆ ಸುಂಕ ವಸೂಲಿಯ ಗುತ್ತಿಗೆದಾರ. ಲಂಡನ್ನಿನಲ್ಲಿ ಸಿಹಿ ವೈನು ಚಿಲ್ಲರೆ ಮಾರುವ ಹಕ್ಕೂ ಅವನ ಕೈಯಲ್ಲಿ. ಆಟವೂ ಅವನದೇ, ಪಂಚಾತಿಕೆಯೂ ಅವನದೇ. 1376ರಲ್ಲಿ ಪಾರ್ಲಿಮೆಂಟು ಅವನ ಮೇಲೆ ಆಪಾದನೆ ಹೊರಿಸಿತು. ಆಗ ಅವನು ಬ್ಲ್ಯಾಕ್ ಪ್ರಿನ್ಸ್‌ನಿಗೆ ಒಂದು ಪೀಪಾಯಿ ಕಳಿಸಿದ, ಹೊರನೋಟಕ್ಕೆ ಮೀನಿನದ್ದು. ಒಳಗೆ 1,000 ಪೌಂಡು ಎಂದು ಆ ಕಾಲದ ಒಬ್ಬ ಮಠದ ಚರಿತ್ರೆಕಾರ ಬರೆದಿದ್ದಾನೆ. ಯುವರಾಜ ಮುಟ್ಟಲಿಲ್ಲವಂತೆ. 1381ರ ಜೂನಿನಲ್ಲಿ ರೈತರು ದಂಗೆಯೆದ್ದು ಲಂಡನ್ನಿಗೆ ನುಗ್ಗಿದಾಗ ಲಯನ್ಸ್‌ನ ತಲೆ ಬೀದಿಯಲ್ಲಿ ಉರುಳಿತು.

ಸಣ್ಣವರಿಗೆ ಸಣ್ಣ ಶಿಕ್ಷೆ. 1364ರಲ್ಲಿ ಜಾನ್ ಪೆನ್‌ರೋಸ್ ಎಂಬವನು ಕೆಟ್ಟ ವೈನು ಮಾರಿ ಸಿಕ್ಕಿಬಿದ್ದ. ಅದನ್ನೇ ಒಂದು ಗುಟುಕು ಕುಡಿ, ಉಳಿದದ್ದು ನಿನ್ನ ತಲೆಯ ಮೇಲೆ ಎಂದು ತೀರ್ಪಾಯಿತು. ಹೆಂಡತಿ ಇದನ್ನು ಎರಡು ಸಲ ಹೇಳಿಸಿಕೊಂಡಳು. ನಮ್ಮ ಹಾಲಿನವನನ್ನು ನೆನೆಸಿಕೊಂಡಿರಬೇಕು.

ಸಂಜೆ ಲೋಯರ್ ಥೇಮ್ಸ್ ಸ್ಟ್ರೀಟಿನ ಕಸ್ಟಮ್ ಹೌಸ್ ಎದುರು. ಈಗಿನ ಕಟ್ಟಡ ಹತ್ತೊಂಬತ್ತನೇ ಶತಮಾನದ್ದು, ಕಸ್ಟಮ್ಸಿನವರು ಖಾಲಿ ಮಾಡಿ ಹೋಗಿ ಕೆಲವು ವರ್ಷವಾಗಿದೆ. ಇದರ ಆಸುಪಾಸಿನ ಉಣ್ಣೆ ಧಕ್ಕೆಯಲ್ಲೇ 1374ರಿಂದ ಹನ್ನೆರಡು ವರ್ಷ ಜೆಫ್ರಿ ಚಾಸರ್ ಉಣ್ಣೆ, ಚರ್ಮದ ಸುಂಕದ ಕಂಟ್ರೋಲರ್. 1382ರಿಂದ ವೈನು ಮತ್ತಿತರ ಸರಕಿನ ಸಣ್ಣ ಸುಂಕವೂ ಅವನ ಕೈಗೆ ಬಂತು. ವಸೂಲಿ ಮಾಡುವವರು ಒಂದು ಲೆಕ್ಕ ಇಟ್ಟರೆ, ಅದಕ್ಕೆ ಎದುರು ಲೆಕ್ಕ ತನ್ನ ಕೈಯಾರೆ ಬರೆಯಬೇಕು ಎಂಬುದು ಅವನ ನೇಮಕದ ಷರತ್ತು. ಕೆಲಸಕ್ಕೆ ಸೇರಿದ 1374ರಲ್ಲೇ ರಾಜ ಅವನಿಗೆ ದಿನಕ್ಕೊಂದು ಹೂಜಿ ವೈನಿನ ಮಂಜೂರಾತಿಯನ್ನೂ ಕೊಟ್ಟಿದ್ದ. ಯಾವ ಹಡಗಿನ ಯಾವ ಪೀಪಾಯಿಯೋ ಹೀಗೆ ತಿರುಗಿ ಸುಂಕದವನ ಮೇಜಿಗೇ ಬರುವುದು. ನಮಗೆ ದೀಪಾವಳಿಗೆ ಡೈರಿ, ಕ್ಯಾಲೆಂಡರ್ ಬರುತ್ತಿತ್ತು.

ಏಳನೆಯ ದಿನ: ಕ್ಯೂ

ಇಂಗ್ಲೆಂಡಿನ ರಾಷ್ಟ್ರೀಯ ದಾಖಲೆಗಳು ಇರುವುದು ಕ್ಯೂ ಎಂಬಲ್ಲಿ. ಓದುವವರ ಚೀಟಿಗೆ ದುಡ್ಡಿಲ್ಲ, ಗುರುತಿನ ದಾಖಲೆ ತೋರಿಸಬೇಕು. ಚೀಲ ಲಾಕರಿನಲ್ಲಿ, ಪೆನ್ನೂ ಲಾಕರಿನಲ್ಲಿ. ಒಳಗೆ ಪೆನ್ಸಿಲ್ ಮಾತ್ರ. ಶರ್ಟಿನ ಜೇಬಿನಲ್ಲಿ ಪೆನ್ನಿಲ್ಲದೆ ನಡೆದದ್ದು ನಾನು ಕೆಲಸಕ್ಕೆ ಸೇರಿದಂದಿನಿಂದ ಇದೇ ಮೊದಲು. ಹೆಂಡತಿ, ಮಗಳು ಕೆಳಗಿನ ಕ್ಯಾಂಟೀನಿನಲ್ಲಿ ಉಳಿದರು.

ಇ 122 ಎಂಬ ಸರಣಿ, ಹಳೆ ಸುಂಕದ ಲೆಕ್ಕಗಳದು. ಅದರಲ್ಲಿ ಹದಿನಾಲ್ಕನೇ ಶತಮಾನದ ಒಂದು ಸುರುಳಿಯನ್ನು ಮೊದಲೇ ಕೇಳಿಟ್ಟಿದ್ದೆ. ಬಂತು. ಚರ್ಮದ ಹಾಳೆ, ಬೆಣ್ಣೆ ಕಾಯಿಸಿದ ಬಣ್ಣ. ಒಂದು ಹಾಳೆಯ ಬಾಲಕ್ಕೆ ಇನ್ನೊಂದರ ತಲೆ ಹೊಲಿದು ಉದ್ದ ಮಾಡಿದ್ದು. ಹೊಲಿಗೆಯ ದಾರ ಇನ್ನೂ ಬಿಗಿ. ಬಿಚ್ಚಿದರೆ ತಾನಾಗಿ ಸುತ್ತಿಕೊಳ್ಳುತ್ತದೆ, ಅದಕ್ಕೆ ಮೇಲಿಡಲು ಬಟ್ಟೆ ಹೊದಿಸಿದ ತೂಕದ ಸರ ಕೊಟ್ಟಿದ್ದರು. ಒಂದು ಬದಿ ನಯ, ಇನ್ನೊಂದು ಬದಿಯಲ್ಲಿ ಕೂದಲಿನ ಬೇರುಗಳ ಚುಕ್ಕೆ.

ಲ್ಯಾಟಿನ್ ನನಗೆ ಬಾರದು. ಆದರೂ ಐದು ನಿಮಿಷದಲ್ಲಿ ಪುಟ ನನಗೆ ಪರಿಚಯವಾಯಿತು. ಹಡಗು, ಅದರ ನಾಯಕ, ಕೆಳಗೆ ಸರಕಿನವರ ಹೆಸರುಗಳು, ಪ್ರತಿ ಹೆಸರಿನ ಎದುರು ಎಷ್ಟು ಪೀಪಾಯಿ, ಬಲತುದಿಯಲ್ಲಿ ಸುಂಕದ ಮೊತ್ತ. ಮೂವತ್ತೊಂದು ವರ್ಷ ನಾನು ತುಂಬಿದ್ದು ಇದೇ ಕಾಲಂಗಳನ್ನು. ಅಂಕಿ ರೋಮನ್ನಿನದು, ನಾಲ್ಕಕ್ಕೆ ನಾಲ್ಕು ಗೀಟು, ಕೊನೆಯ ಗೀಟಿಗೆ ಮಾತ್ರ ಕೆಳಗೆ ಒಂದು ಬಾಲ. ಬಾಲ ಯಾಕೆಂದು ಮೇಜಿನ ಸಿಬ್ಬಂದಿಯನ್ನು ಕೇಳಿದೆ. ಅದರ ಮುಂದೆ ಯಾರೂ ಇನ್ನೊಂದು ಗೀಟು ಸೇರಿಸಬಾರದಲ್ಲ, ಎಂದರು. ನಾವು ಚೆಕ್ಕಿನಲ್ಲಿ ಮೊತ್ತದ ಕೊನೆಗೆ ‘ಮಾತ್ರ’ ಬರೆದು ಗೀಟು ಎಳೆಯುತ್ತೇವಲ್ಲ, ಅದೇ.

ಪೀಪಾಯಿಯ ಲೆಕ್ಕದಲ್ಲಿ ಎರಡು ಪದ ಮತ್ತೆ ಮತ್ತೆ ಬರುತ್ತಿದ್ದವು. ಒಂದು ‘ದೋಲಿಯುಂ’, ಅದು ಟನ್ ಎಂದು ಗೊತ್ತಿತ್ತು. ಇನ್ನೊಂದನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದೆ: ಪಿ, ಪಾ. ಪಿಪಾ.

ಇಂಗ್ಲಿಷಿನಲ್ಲಿ ಅದು ‘ಪೈಪ್’, ಪೋರ್ಚುಗೀಸಿನಲ್ಲಿ ‘ಪಿಪಾ’, ಪೋರ್ಚುಗೀಸರು ನಮ್ಮ ಕಡೆಗೆ ತಂದು ಬಿಟ್ಟುಹೋದದ್ದು ‘ಪೀಪಾಯಿ’. ಅಜ್ಜನ ಅಂಗಡಿಯ ಮೂಲೆಯಲ್ಲಿ ಸೀಮೆಎಣ್ಣೆ ತುಂಬಿ ನಿಂತಿರುತ್ತಿದ್ದದ್ದು. ಇಲ್ಲಿ ಕುರಿಚರ್ಮದ ಮೇಲೆ, ಆರುನೂರೈವತ್ತು ವರ್ಷದ ಹಿಂದಿನ ಗುಮಾಸ್ತನ ಕಂದು ಶಾಯಿಯಲ್ಲಿ ಇದೆ.

ಕೆಳಗಿಳಿದು ಬಂದಾಗ ಹೆಂಡತಿ ಕೇಳಿದಳು, “ಸಿಕ್ಕಿತಾ ನಿಮ್ಮ ಪೀಪಾಯಿ?”

“ಸಿಕ್ಕಿತು. ಆದರೆ ಒಂದು ತಪ್ಪಾಗಿದೆ ಮಾರಾಯ್ತಿ. ಪಿಪಾ ಅಂದರೆ ಅರ್ಧ ಟನ್ನಂತೆ. ನಾನು ಬೋರ್ಡೋದಿಂದ ಇಲ್ಲಿಯವರೆಗೆ ಟನ್ನಿಗೇ ಪೀಪಾಯಿ ಪೀಪಾಯಿ ಅಂತ ಬಂದದ್ದು. ಲೆಕ್ಕದಲ್ಲಿ ಅರ್ಧಕ್ಕರ್ಧ ಕಮ್ಮಿ ಡಿಕ್ಲೇರ್ ಮಾಡಿದ ಹಾಗಾಯಿತು.”

“ಹಾಗಾದರೆ ದಂಡ ಕಟ್ಟಿ” ಎಂದಳು, ಪರ್ಸಿನಲ್ಲಿ ಕನ್ನಡಕ ಹುಡುಕುತ್ತ. ಒಣಗಿದ ಸೈಪ್ರೆಸ್ ಕೊನೆ ಮೇಜಿನ ಮೇಲೆ ಬಿತ್ತು. “ನಮ್ಮಿಬ್ಬರದೂ ಕಾಫಿ ಬಿಲ್ಲು ಅಲ್ಲಿ ಉಂಟು.”